ಮನೇಲೇ ಇದ್ದೀಯಲ್ಲೇ!

ಜೂನ್ 3, ಸೋಮವಾರ

ಬೆಳಿಗ್ಗೆಯಿಂದ ಫೋಮ್ ಕತ್ತರಿಸಿದ್ದೇ ಕತ್ತರಿಸಿದ್ದು, ಹತ್ತಿ ತುಂಬಿದ್ದೇ ತುಂಬಿದ್ದು. ಮೂಗಿನ ತುಂಬ ಹತ್ತಿಯ ಧೂಳು. ಹನ್ನೊಂದಕ್ಕೆ ಹಲ್ಲಿನ ಡಾಕ್ಟರ ಫೋನ್. ಕ್ಲಿನಿಕ್ಕಿನಲ್ಲಿ ಜನ ಕಾಯುವ ಬೆಂಚುಗಳಿಗೆ ನಾಲ್ಕು ಕುಶನ್ ಬೇಕಂತೆ. ಹೊಲಿಗೆ ಮಷೀನಿನ ಮುಂದೆ ಕೂತೇ ಅಳತೆ ಬರೆದುಕೊಳ್ಳುತ್ತಿದ್ದೆ. ಉದ್ದ ಐವತ್ತನಾಲ್ಕು, ಅಗಲ... ಕಟ್. ಮತ್ತೆ ಮಾಡಿದರು. ದಪ್ಪ ಎಷ್ಟು ಅನ್ನುವಾಗ ಮತ್ತೆ ಕಟ್. ಈ ಫೋನಿನ ಹಣೆಬರಹವೇ ಇಷ್ಟು.

ಸಂಜೆ ಇವರು ಸ್ಕೂಲ್ ಬಸ್ಸನ್ನು ಶೆಡ್ಡಿಗೆ ಬಿಟ್ಟು ಬಂದರು. ಕಂಕುಳಲ್ಲಿ ದೊಡ್ಡ ಡಬ್ಬ. ಗಂಡನ ಮುಖ ನೋಡಿದರೆ ಪರೀಕ್ಷೆ ಪಾಸಾದವರ ಹಾಗಿತ್ತು.

"ಏನ್ರೀ ಅದು?"

"ಕಾರ್ಡ್‌ಲೆಸ್ ಫೋನು. ಜೊತೆಗೆ ಆನ್ಸರಿಂಗ್ ಮಷೀನು. ನೀನು ಎತ್ತದೇ ಇದ್ರೂ ಅದೇ ಮಾತಾಡುತ್ತೆ."

ಒಳಗಿನಿಂದ ಅತ್ತೆ: "ಈ ಮನೇಲಿ ಮಾತಾಡೋರು ಕಮ್ಮಿ ಇದ್ರು ಅಂತ ತಂದ್ಯೇನೋ?"

ಜೂನ್ 4, ಮಂಗಳವಾರ

ಹದಿನಾರು ಗಂಟೆ ಚಾರ್ಜ್ ಮಾಡಿದ ಮೇಲೆಯೇ ಬಳಸಿ ಎಂದು ಪುಸ್ತಕದಲ್ಲಿದೆ. ಇವರಿಗೆ ಪುಸ್ತಕದಲ್ಲಿದ್ದದ್ದೆಲ್ಲ ವೇದವಾಕ್ಯ. ಹ್ಯಾಂಡ್‌ಸೆಟ್ ಕೂರುವ ಬೇಸ್ ಎತ್ತರದಲ್ಲಿರಬೇಕು, ಬೇರೆ ಮಷೀನುಗಳಿಂದ ದೂರ ಇರಬೇಕು ಎಂದೂ ಇದೆಯಂತೆ. ಬೀರುವಿನ ನೆತ್ತಿಯ ಮೇಲೆ ಕೂರಿಸಿದರು. ಹೊಸ ವೈರನ್ನು ಗೋಡೆಗುಂಟ ಮೊಳೆ ಹೊಡೆದು ಮೇಲಕ್ಕೆ ಹತ್ತಿಸಿದ್ದಾರೆ. ನಾನು ಗುಂಡಿ ಒತ್ತಬೇಕಾದರೆ ಸ್ಟೂಲ್ ಹತ್ತಬೇಕು.

ಚಾರ್ಜ್ ಆಗುವ ಮೊದಲೇ ಯಾರ ನಂಬರಿಗೆ ಯಾವ ಗುಂಡಿ ಎಂದು ಪಟ್ಟಿ ಬರೆದು ಬೀರುವಿಗೆ ಅಂಟಿಸಿದರು. ಕೂಸು ಹುಟ್ಟುವ ಮುಂಚೆ ಕುಲಾವಿ. ಒಂದನೇ ಗುಂಡಿ ಬಸ್ ಶೆಡ್. ಎರಡು ಹಲ್ಲಿನ ಡಾಕ್ಟರು. ಮೂರರ ಮುಂದೆ 'ಅಕ್ಕ' ಎಂದು ಬರೆದು, ನನ್ನ ಮುಖ ನೋಡಿ, ಪೆನ್ಸಿಲ್ ಇಟ್ಟು ಎದ್ದು ಹೋದರು.

ಅಳಿಸಲು ಹೋದೆ. ಕೈಗೆ ರಬ್ಬರ್ ಸಿಗಲಿಲ್ಲ. ಇರಲಿ.

ಜೂನ್ 5, ಬುಧವಾರ. ಮಧ್ಯಾಹ್ನ 3

ಮಷೀನಿಗೆ ನಮ್ಮ ದನಿ ತುಂಬಬೇಕು. ಇವರು ಮೂರು ಸಲ ಪ್ರಯತ್ನಿಸಿದರು. ನಲವತ್ತು ಮಕ್ಕಳನ್ನು ಗದರಿಸಿ ಕೂರಿಸುವ ಮನುಷ್ಯ, ಕೆಂಪು ದೀಪ ಹತ್ತಿದ ಕೂಡಲೇ ಬಾಯಿಗೆ ಬೀಗ. "ನಮ... ನಮಸ್... ಏ, ನೀನೇ ಹೇಳೇ."

ಸ್ಟೂಲ್ ಹತ್ತಿದೆ. ಗಂಟಲು ಸರಿಮಾಡಿಕೊಂಡು, ಪುಸ್ತಕದಲ್ಲಿದ್ದಂತೆಯೇ: "ನಮಸ್ಕಾರ. ನಾವು ಈಗ ಮನೆಯಲ್ಲಿಲ್ಲ..."

ಅಡಿಗೆಮನೆಯಿಂದ ಅತ್ತೆ: "ಮನೇಲೇ ಇದ್ದೀಯಲ್ಲೇ! ಯಾರಿಗೆ ಹೇಳ್ತಿದ್ದೀಯಾ ಸುಳ್ಳು?"

ನಾನು ನಗು ತಡೆದುಕೊಂಡು "ದಯವಿಟ್ಟು ಬೀಪ್ ಆದ ಮೇಲೆ..." ಎನ್ನುವಷ್ಟರಲ್ಲಿ ಬೀಪ್ ಆಯಿತು. ಹಾಕಿ ಕೇಳಿದೆವು. ಇವರು ಗೋಡೆ ಹಿಡಿದುಕೊಂಡು ನಕ್ಕರು. ಅತ್ತೆ ಬಂದು ತಮ್ಮ ದನಿ ತಾವೇ ಕೇಳಿ, "ನಾನು ಹೇಳಿದ್ರಲ್ಲಿ ತಪ್ಪೇನಿದೆ?" ಎಂದರು. ಏನೂ ಇಲ್ಲ. ಬದಲಾಯಿಸಬೇಕು. ನಾಳೆ.

ಜೂನ್ 7, ಶುಕ್ರವಾರ

ಬದಲಾಯಿಸಲಿಲ್ಲ. ಪರದೆ ಹೊಲಿಸುವ ಟೀಚರಮ್ಮ ಎರಡು ಸಲ ಮಾಡಿದ್ದಾರೆ. ಎರಡನೆಯ ಸಲ ಬರೀ ಅತ್ತೆಯ ದನಿ ಕೇಳಲಿಕ್ಕಂತೆ.

ಆದರೆ ಸುಖ ಎಂದರೆ ಹ್ಯಾಂಡ್‌ಸೆಟ್ಟಿನದು. ಹಿತ್ತಲಲ್ಲಿ ಬಟ್ಟೆ ಹರವುತ್ತಾ ಮಾತಾಡಿದೆ! ಮೆಟ್ಟಿಲ ಮೇಲೆ ಕೂತು ಮಾತಾಡಿದೆ. ಸುಮ್ಮನೆ ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಯುತ್ತಾ ಮಾತಾಡಿದೆ, ಯಾವ ಕೆಲಸವೂ ಇಲ್ಲದೆ. ಇಪ್ಪತ್ತು ವರ್ಷ ಗೋಡೆಗೆ ಕಟ್ಟಿಹಾಕಿದ ಹಾಗೆ ಮಾತಾಡಿದ್ದೆನಲ್ಲ ಅನಿಸಿತು.

ಎತ್ತದಿದ್ದರೆ, ಆ ಕಡೆಯವರು ಹೇಳುವುದು ಬೇಸಿನ ಸ್ಪೀಕರಿನಲ್ಲಿ ಆಗಲೇ ಮನೆಗೆಲ್ಲ ಕೇಳಿಸುತ್ತದೆ. ಒಂದು ನಿಮಿಷ. ಆಮೇಲೆ ತಾನೇ ಮುಚ್ಚಿಕೊಳ್ಳುತ್ತದೆ. ಬೇಸಿನಿಂದ ಕೇಳಬಹುದು, ಉತ್ತರ ಕೊಡಲಾಗದು. ಮಾತಾಡಲು ಹ್ಯಾಂಡ್‌ಸೆಟ್ಟೇ ಬೇಕು. ಅತ್ತೆಗೆ ಇದು ಒಪ್ಪಿಗೆಯಿಲ್ಲ. ಬೀರುವಿನ ಕಡೆ ಮುಖ ಮಾಡಿ ಎಲ್ಲರಿಗೂ ಉತ್ತರ ಕೊಡುತ್ತಾರೆ.

ಜೂನ್ 9, ಭಾನುವಾರ

ಅಕ್ಷರ ಸೊಟ್ಟ ಬಂದರೂ ಇವತ್ತಿನದು ಬರೆಯಲೇಬೇಕು.

ರಜೆ ಎಂದು ಇವರು ಹಳೆಯ ಫೋನಿನ ವೈರ್ ಕಿತ್ತರು. ನನ್ನ ಹೊಲಿಗೆ ಮಷೀನಿನ ಕಾಲಡಿ ಸಿಕ್ಕಿ ನಜ್ಜುಗುಜ್ಜಾಗಿತ್ತು. "ಬಾ ಇಲ್ಲಿ, ಪೆಡಲ್ ತುಳಿ" ಅಂದರು. ತುಳಿದೆ. ಮಷೀನು ಅಲ್ಲಾಡಿದ ಹಾಗೆ ವೈರು ಒತ್ತಿತು. "ನೋಡು, ತುಳಿದಾಗೆಲ್ಲ ಲೈನ್ ಕಟ್. ಮೂರು ವರ್ಷದಿಂದ ನೀನೇ ಕಟ್ ಮಾಡ್ತಿದ್ದೀಯ ಕಣೇ!"

ನಗುತ್ತಿದ್ದರು. ನಾನು ಮೂರು ವರ್ಷದ ಲೆಕ್ಕ ಹಾಕಿದೆ.

ಮಷೀನನ್ನು ಆ ಮೂಲೆಗೆ ಸರಿಸಿದ್ದು ಅಮ್ಮನ ಕತ್ತರಿ ಮನೆಗೆ ಬಂದ ತಿಂಗಳು. ಅದೇ ತಿಂಗಳು ಅಕ್ಕ ಫೋನ್ ಮಾಡಿ, ಅಮ್ಮ ಹೋದ ಮೇಲೆ ದೊಡ್ಡ ಕತ್ತರಿ ತನಗೆ ಸೇರಬೇಕು ಅಂದದ್ದು. ಕೆಲಸ ಮಾಡುವವಳು ನಾನು, ನಿನಗೆ ಅದು ಷೋಕೇಸಿಗೆ, ಅಂದೆ. ಇನ್ನೂ ಏನೇನೋ ಅಂದೆ. ಸಿಟ್ಟು ಬಂದರೆ ನನ್ನ ಕಾಲು ತಾನಾಗಿ ಪೆಡಲ್ ತುಳಿಯುತ್ತದೆ. ಅಕ್ಕ, "ಹಾಗಾದ್ರೆ ಇನ್ಮುಂದೆ ನೀನು—" ಅಂದಳು. ಕಟ್.

ಅವಳೇ ಕುಕ್ಕಿದಳು ಎಂದುಕೊಂಡೆ. ಆ ಅರ್ಧ ವಾಕ್ಯವನ್ನು ಮೂರು ವರ್ಷ ನಾನೇ ಪೂರ್ತಿ ಮಾಡಿಕೊಂಡಿದ್ದೇನೆ. ಇನ್ಮುಂದೆ ನೀನು ನನ್ನ ತಂಗಿಯಲ್ಲ. ಇನ್ಮುಂದೆ ನೀನು ನನಗೆ ಸತ್ತಂತೆ. ಅವಳು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಅವಳು ನಾನೇ ಇಟ್ಟೆ ಅಂದುಕೊಂಡಿರಬೇಕು. ನಿಜಕ್ಕೂ ನಾನೇ. ಕಾಲಿನಿಂದ!

ಜೂನ್ 10, ಸೋಮವಾರ

ಮೂರನೇ ಗುಂಡಿ ಒತ್ತಿದೆ. ಭಾವ ಎತ್ತಿದರು. "ಹಲೋ? ಯಾರು?" ಉಸಿರು ಬಿಟ್ಟೆ, ಆಫ್ ಒತ್ತಿದೆ.

ಹೋಯಿತು. ಈಗ ನಿಜವಾಗಿಯೂ ಫೋನ್ ಇಟ್ಟವಳಾದೆ.

ಜೂನ್ 14, ಶುಕ್ರವಾರ

ದಾರ ತರಲು ಹೋಗಿ ಬಂದರೆ ದೀಪ ಮಿನುಗುತ್ತಿತ್ತು. ಒಂದು ಮೆಸೇಜ್. ಮಾತೇ ಇಲ್ಲ. ಯಾರೋ ಬಿದ್ದು ಬಿದ್ದು ನಗುತ್ತಿದ್ದಾರೆ. ನಡುವೆ ಒಂದು ಬಿಕ್ಕಳಿಕೆ. ಮತ್ತೆ ನಗು, ಮತ್ತೆ ಬಿಕ್ಕಳಿಕೆ. ಬೀಪ್.

ನಗುವಾಗ ಬಿಕ್ಕುವವಳು ಈ ಲೋಕದಲ್ಲಿ ಒಬ್ಬಳೇ. ಶಾಲೆಯಲ್ಲಿ ಅವಳನ್ನು ಇದಕ್ಕೇ ಕ್ಲಾಸಿನಿಂದ ಹೊರಗೆ ಹಾಕುತ್ತಿದ್ದರು, ಜೊತೆಗೆ ನಗಿಸಿದ್ದಕ್ಕೆ ನನ್ನನ್ನೂ.

ಹನ್ನೊಂದು ಸಲ ಕೇಳಿದೆ. ಅತ್ತೆ ಎಣಿಸಿದರಂತೆ. "ನಗೋರು ಮಾತಾಡೋಕೂ ತಯಾರಿರ್ತಾರೆ. ಮಾಡು ಫೋನು."

ಮಾಡುತ್ತೇನೆ. ಡಾಕ್ಟರ ಕುಶನ್ ಮುಗಿಯಲಿ. ಮೊದಲು ಏನು ಹೇಳುವುದು ಎಂದು ಯೋಚಿಸಿಕೊಳ್ಳಬೇಕು.

ಜೂನ್ 18, ಮಂಗಳವಾರ. ಸಂಜೆ

ಬೆಳಿಗ್ಗೆ ನಾಲ್ಕೂ ಕುಶನ್ ಕಳಿಸಿದೆ. ಜಿಪ್ ಹಾಕುವ ಪೈಕಿ ನಾನಲ್ಲ. ಕೊನೆಯ ಬಾಯಿ ಕೈಹೊಲಿಗೆ, ಅಮ್ಮ ಕಲಿಸಿದ್ದು, ಹುಡುಕಿದರೂ ದಾರ ಕಾಣಬಾರದು. ಅಕ್ಕನಿಗೆ ಮಾಡಲು ಧೈರ್ಯವೂ ಬಂತು.

ಹ್ಯಾಂಡ್‌ಸೆಟ್ ಇಲ್ಲ!

ಬೇಸಿನಲ್ಲಿ ಹುಡುಕುವ ಗುಂಡಿಯಿದೆ. ಒತ್ತಿದರೆ ಹ್ಯಾಂಡ್‌ಸೆಟ್ ಕೂಗಬೇಕು. ಇವರು ಸ್ಟೂಲ್ ಮೇಲೆ ನಿಂತು ಒತ್ತುತ್ತಾರೆ, ನಾನು ಮಂಚದಡಿ, ಅತ್ತೆ ಅಕ್ಕಿ ಡಬ್ಬದಲ್ಲಿ. ಸದ್ದಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂದು ಅತ್ತೆ ನನ್ನ ಕಂಕುಳನ್ನೂ ನೋಡಿದರು.

ಜೂನ್ 19, ಬುಧವಾರ

ಬರೆಯುತ್ತೇನೆ, ಒಂದಕ್ಷರವೂ ಬಿಡದೆ.

ಹತ್ತೂವರೆ. ರಿಂಗ್. ಹ್ಯಾಂಡ್‌ಸೆಟ್ ಇನ್ನೂ ಸಿಕ್ಕಿಲ್ಲ. ನಮ್ಮ ದನಿ ಆಯಿತು, ಅತ್ತೆಯ ದನಿ ಆಯಿತು, ಬೀಪ್. ಆಮೇಲೆ ಬೀರುವಿನ ಮೇಲಿಂದ ಅಕ್ಕ.

"ಅಯ್ಯೋ ದೇವರೇ, ನಿಮ್ಮತ್ತೆ...", ನಗು, ಬಿಕ್ಕಳಿಕೆ. "ಏ, ಕೇಳಿಸ್ತಿದೆಯೇನೇ? ನೀನು ಮನೇಲೇ ಇದ್ದೀಯ, ನಿಮ್ಮತ್ತೇನೇ ಹೇಳಿದ್ರಲ್ಲ. ಅವತ್ತು ನಿಮ್ಮ ಭಾವ, ಯಾರೋ ಬರೀ ಉಸಿರುಬಿಟ್ಟು ಫೋನ್ ಇಟ್ರು ಅಂದ್ರು. ಆ ಉಸಿರು ನಿಂದೇ ಅಂದೆ. ಎತ್ತೋಕೆ ಮನಸ್ಸಿಲ್ವಾ? ಬೇಡ ಬಿಡು, ಕೇಳು ಸಾಕು."

ನಾನು ಬೀರು ತಬ್ಬಿಕೊಂಡು ನಿಂತಿದ್ದೆ. "ಮನಸ್ಸಿದೆ ಅಕ್ಕಾ! ಹ್ಯಾಂಡ್‌ಸೆಟ್ ಇಲ್ಲ!" ಅರಚಿದೆ. ಅದಕ್ಕೇನು ಕೇಳಿಸುತ್ತದೆ.

"ಅವತ್ತು ಫೋನ್ ಇಟ್ಟುಬಿಟ್ಟೆಯಲ್ಲ, ನಾನು ಹೇಳೋದು ಪೂರ್ತಿ ಕೇಳಿದ್ಯಾ ನೀನು? ನಾನು ಹೇಳೋಕೆ ಹೊರಟಿದ್ದದ್ದು, ಹಾಗಾದ್ರೆ ಇನ್ಮುಂದೆ ನೀನು—"

ಬೀಪ್. ಒಂದು ನಿಮಿಷ ಮುಗಿಯಿತು.

ಅತ್ತೆ ಪೊರಕೆಯ ಹಿಡಿಯಿಂದ ಬೀರುವಿಗೆ ಬಡಿದರು. "ಮುಂದೆ ಹೇಳೋ! ಮುಂದೆ ಹೇಳು!" ನನ್ನ ಕಣ್ಣಲ್ಲಿ ನೀರು. ಮತ್ತೆ ಅದೇ ಜಾಗದಲ್ಲಿ. ಅದೇ 'ನೀನು'ವಿನ ಮೇಲೆ.

ರಿಂಗ್. ಮತ್ತೆ ನಮ್ಮ ದನಿ, ಅತ್ತೆಯ ದನಿ, ಬೀಪ್. ಇಷ್ಟು ಉದ್ದದ ನಮಸ್ಕಾರ ಯಾರು ಹೇಳಿದರೋ.

"ಇದೇನೇ ಇದು, ನಿನ್ನ ಮಷೀನು ನಿನ್ನ ಥರಾನೇ ಇದೆ, ಅರ್ಧಕ್ಕೇ ಇಡುತ್ತೆ. ಹಾಂ. ಇನ್ಮುಂದೆ ನೀನು ಕತ್ತರಿ ಇಟ್ಕೋ, ಆದ್ರೆ ನನ್ನ ಬಟ್ಟೆ ಎಲ್ಲಾ ಆ ಕತ್ತರೀಲಿ ನೀನೇ ಕತ್ತರಿಸಿ ಹೊಲೀಬೇಕು. ಅಷ್ಟೇ ಕಣೇ ಹೇಳೋಕೆ ಹೊರಟಿದ್ದು! ಮೂರು ವರ್ಷದಿಂದ ಅಂಗಡೀಲಿ ಹೊಲಿಸ್ತಿದ್ದೀನಿ. ಒಂದು ತೋಳು ಪೂರ್ವಕ್ಕೆ ಹೋದ್ರೆ ಇನ್ನೊಂದು ಪಶ್ಚಿಮಕ್ಕೆ ಹೋಗುತ್ತೆ. ಎತ್ತೇ, ಫೋನ್ ಎತ್ತೇ ಮಾರಾಯ್ತಿ..."

ಬೀಪ್.

ಅಷ್ಟೇ. ಮೂರು ವರ್ಷ ನಾನು ಹೊತ್ತು ತಿರುಗಿದ್ದು ಅಷ್ಟೇ ಒಂದು ವಾಕ್ಯ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಅತ್ತೆ ಆಗಲೇ ಮಂಚದಡಿ ಇಣುಕಿ, ಸೀರೆಯಲ್ಲಿ ಸುತ್ತಿಟ್ಟ ಹಳೆಯ ಫೋನ್ ಎಳೆದಿದ್ದರು. ಅವರು ಯಾವುದನ್ನೂ ಎಸೆಯುವುದಿಲ್ಲ. ಇನ್ನು ಮೇಲೆ ಅದಕ್ಕೆ ನಾನು ಬೈಯುವುದಿಲ್ಲ. ಬೇಸಿನ ವೈರ್ ಕಿತ್ತು ಅದಕ್ಕೆ ಸಿಕ್ಕಿಸಿದೆ. ಮೊಳೆ ಹೊಡೆದ ವೈರು ಕೆಳಗಿಳಿಯದು. ಸ್ಟೂಲ್ ಮೇಲೆ ನಿಂತು, ಬೀರುವಿನ ನೆತ್ತಿಗೆ ಮೊಣಕೈ ಊರಿ, ಅಕ್ಕನ ಹತ್ತಿರ ಒಂದೂಕಾಲು ಗಂಟೆ ಮಾತಾಡಿದೆ. ಕಾಲಡಿ ಪೆಡಲ್ ಇಲ್ಲ. ಲೈನ್ ಒಂದು ಸಲವೂ ಕಟ್ ಆಗಲಿಲ್ಲ. ಪೆಡಲಿನ ಕತೆ ಹೇಳಿದಾಗ ಬಿಕ್ಕಳಿಕೆ ನಿಲ್ಲಲು ಭಾವ ನೀರು ತರಬೇಕಾಯಿತು.

"ಎತ್ತಿದ್ದಿದ್ರೆ ಜಗಳಾನೇ ಆಡ್ತಿದ್ವಿ ಕಣೇ" ಅಂದಳು. "ನೀನು ಬಾಯಿ ಹಾಕದೇ ನನ್ನ ಮಾತು ಕೇಳಿದ್ದು ಇದೇ ಮೊದಲು."

ಭಾನುವಾರ ಬರುತ್ತಾಳೆ, ಬಟ್ಟೆಯ ಗಂಟಿನೊಂದಿಗೆ.

ಜೂನ್ 20, ಗುರುವಾರ

ವೈರನ್ನು ಮತ್ತೆ ಬೇಸಿಗೇ ಸಿಕ್ಕಿಸಿದ್ದೆ. ಹಲ್ಲಿನ ಡಾಕ್ಟರ ಮೆಸೇಜ್: "ಅಮ್ಮಾ, ನೀವು ಕೊಟ್ಟ ಕುಶನ್ ಕೂಗ್ತಾ ಇದೆ. ನಿನ್ನೆಯಿಂದ ಕುಯ್ಯೋ ಕುಯ್ಯೋ ಅಂತ. ಅದರ ಮೇಲೆ ಕೂತವರೊಬ್ರು ಹಲ್ಲುನೋವು ಮರೆತು ಎದ್ದು ಓಡಿದ್ರು. ದಯವಿಟ್ಟು ಬನ್ನಿ."

ಬ್ಯಾಟರಿ ಖಾಲಿಯಾಗುತ್ತಾ ಬಂದಾಗ ಹ್ಯಾಂಡ್‌ಸೆಟ್ ಕೂಗುತ್ತದೆ ಎಂದು ಪುಸ್ತಕದಲ್ಲಿದೆಯಂತೆ. ಹೊಲಿಯುವಾಗ ಕೈಯಲ್ಲಿದ್ದದ್ದನ್ನೆಲ್ಲ ಕುಶನ್ನಿನ ತೆರೆದ ಬಾಯೊಳಗೆ ಇಟ್ಟುಕೊಳ್ಳುವುದು ನನ್ನ ಹಳೆಯ ಚಾಳಿ: ಚಾಕ್‌ಪೀಸು, ದಾರ, ಈಗ ಇದು. ಅಮ್ಮನ ಕತ್ತರಿ ತೆಗೆದುಕೊಂಡು ಹೋದೆ. ನನ್ನ ಹೊಲಿಗೆ ನನಗೇ ಸಿಗಲು ಹತ್ತು ನಿಮಿಷ ಹಿಡಿಯಿತು. ಕಾಯುತ್ತಿದ್ದವರೆಲ್ಲ ಸುತ್ತ ನಿಂತಿದ್ದರು. ಹತ್ತಿಯೊಳಗಿಂದ ಫೋನ್ ತೆಗೆದಾಗ ಚಪ್ಪಾಳೆ. ಊದಿದ ಕೆನ್ನೆಯವರು ಕೂಡ.

ಜೂನ್ 23, ಭಾನುವಾರ. ಬೆಳಿಗ್ಗೆ 9.40

ಕತ್ತರಿಗೆ ಸಾಣೆ ಹಿಡಿಸಿದ್ದಾಯಿತು. ಮೇಜು ಖಾಲಿ ಮಾಡಿದ್ದಾಯಿತು. ಅತ್ತೆ ಹೊಸ ಸೀರೆ ಉಟ್ಟು ಬೀರುವಿನ ಕೆಳಗೇ ಕುರ್ಚಿ ಹಾಕಿಕೊಂಡಿದ್ದಾರೆ. ಬಸ್ ಇಳಿದ ಕೂಡಲೇ ಅಕ್ಕ ಫೋನ್ ಮಾಡುತ್ತಾಳೆ. ಇವರು ಕರೆದುಕೊಂಡು ಬರಲು ಹೋಗಬೇಕು. ಆಗಲೇ ಎರಡು ಸಲ ಬೂಟು ಹಾಕಿ ಬಿಚ್ಚಿದರು. ನನ್ನದೂ ಅದೇ ಪಾಡು, ಕೂತಲ್ಲಿ ಕೂರಲಾರೆ, ಅದಕ್ಕೇ ಇದನ್ನು ಬರೆಯುತ್ತಾ

ರಿಂಗ್! ಅಕ್ಕನೇ. ಹ್ಯಾಂಡ್‌ಸೆಟ್ ಎಲ್ಲಿ? ಈಗ ತಾನೇ ಇಲ್ಲೇ ಇಟ್ಟಿದ್ದೆ. "ಏನ್ರೀ, ನೋಡಿದ್ರಾ?" ನೋಡಿಲ್ಲ. ಅತ್ತೆ ಕುರ್ಚಿಯಿಂದ ಎದ್ದು ತಮ್ಮ ಕೆಳಗೆ ನೋಡುತ್ತಿದ್ದಾರೆ. 'ನಾವು ಈಗ ಮನೆಯಲ್ಲಿಲ್ಲ' ಶುರುವಾಯಿತು. ಬೀಪ್.

"ಬಸ್ ಸ್ಟ್ಯಾಂಡಲ್ಲಿಲ್ಲ ಕಣೇ, ನಿಮ್ಮ ಬೀದಿ ತುದೀಲಿರೋ ಅಂಗಡಿಗೇ ಬಂದುಬಿಟ್ಟೆ. ನಿಮ್ಮನೆ ಬಾಗಿಲು ಇಲ್ಲಿಂದ ಕಾಣ್ತಿದೆ. ತೆಗಿ, ನೀನು ಮನೇಲೇ—"

ಬಂದೆ ಅಕ್ಕಾ, ಬಂ