ಹಸಿರು ಶಾಯಿಯ ಸಹಿ

ಸ್ಯಾನ್ ಹೊಸೆ
೧೭ ಜೂನ್ ೨೦೦೧, ಭಾನುವಾರ

ಪ್ರೀತಿಯ ಅಪ್ಪನಿಗೆ,

ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿದ್ದೇನೆ ಅಂದುಕೊಳ್ಳಿ. ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನೋ ನೆಪ ಮಾಡಿಕೊಂಡು ಎದ್ದುಬಿಡುತ್ತಿದ್ದೆ, ಕ್ಷಮಿಸಿ. ಇವತ್ತು ನಿಮ್ಮ ಅಳಿಯ ಶಿವಪ್ರಕಾಶ್ ಕೆಲಸದ ವಿಚಾರವಾಗಿ ಯಾರನ್ನೋ ನೋಡಲು ಸ್ಯಾನ್ ಮಟಿಯೋಗೆ ಹೋಗಿದ್ದಾರೆ. ಮನೆಯಲ್ಲಿ ಒಬ್ಬಳೇ ಇದ್ದೇನೆ.

ಅವ್ವನ ತಿಥಿಯನ್ನು ತಮ್ಮ ದೇವರಾಜು ಅಚ್ಚುಕಟ್ಟಾಗಿ ಮಾಡಿದ ಅಂತ ಬರೆದಿದ್ದೀರಿ. ಅದರ ಕೆಳಗೆ ಬರೆದದ್ದನ್ನು ಓದಿದ ಮೇಲೆ ನನಗೆ ಊಟ ಸೇರುತ್ತಿಲ್ಲ. ನಿಮ್ಮ ಸಹಿ ಅಮೆರಿಕದಲ್ಲಿ ನಡೆದಿದ್ದರೆ ನಾನು ಬಂದು ಅವ್ವನ ಮುಖ ನೋಡುತ್ತಿದ್ದೆ ಅಂತ. ಆಸ್ಪತ್ರೆಯಲ್ಲಿ ಅವ್ವನಿಗೂ ಹಾಗೇ ಹೇಳಿದಿರಂತೆ. ಆಮೇಲೆ ಅವಳು ಗೋಡೆ ಕಡೆ ತಿರುಗಿದವಳು ನಿಮ್ಮ ಜೊತೆ ಒಂದು ಮಾತೂ ಆಡಲಿಲ್ಲವಂತೆ. ನಲವತ್ತು ವರ್ಷ ಸಂಸಾರ ಮಾಡಿ ಹಾಗೆ ಹೋಗಿಬಿಟ್ಟಳಲ್ಲ ಅಂತ ಬರೆದಿದ್ದೀರಿ.

ಅಪ್ಪ, ಆ ಸಹಿಯ ಕಥೆಯನ್ನು ಸರಿಯಾಗಿ ಹೇಳುತ್ತೇನೆ, ಕೇಳಿ. ಈ ದೇಶದಲ್ಲಿ ಒಂಬತ್ತು ಅಂಕಿಯ ನಂಬರು ಇಲ್ಲದವರು ಲೆಕ್ಕಕ್ಕೇ ಇಲ್ಲ. ಗಂಡನ ಬೆನ್ನಿಗೆ ಬಂದವಳಿಗೆ ಕೆಲಸದವರ ನಂಬರು ಕೊಡುವುದಿಲ್ಲ, ತೆರಿಗೆಗೆ ಮಾತ್ರ ಅಂತ ಬೇರೊಂದು ಕೊಡುತ್ತಾರೆ. ಬಂದದ್ದು ಕಳೆದ ಸೆಪ್ಟೆಂಬರಿನಲ್ಲಿ, ಆ ವರ್ಷ ಆರು ತಿಂಗಳೂ ಇಲ್ಲಿರಲಿಲ್ಲ, ಆದ್ದರಿಂದ ಅರ್ಜಿಯಲ್ಲಿ ‘ನಾನ್‌ರೆಸಿಡೆಂಟು’ ಅಂತ ಗುರುತು ಹಾಕಬೇಕಿತ್ತು. ಇಲ್ಲೇ ಉಂಡು, ಇಲ್ಲೇ ಮಲಗಿ, ಇಲ್ಲೇ ಪಾತ್ರೆ ತೊಳೆಯುವವಳು ‘ನಾನು ಇಲ್ಲಿ ವಾಸವಿಲ್ಲ’ ಅಂತ ನನ್ನ ಕೈಯಾರೆ ಬರೆದುಕೊಟ್ಟೆ. ಮಂಡ್ಯದಲ್ಲೂ ಇಲ್ಲ, ಇಲ್ಲೂ ಇಲ್ಲ.

ಫೆಬ್ರವರಿಯಲ್ಲಿ ಲೈಟ್ ರೈಲು ಹತ್ತಿ ತೆರಿಗೆ ಆಫೀಸಿಗೆ ಹೋದೆ. ರಿಟೈರಾಗುವ ಮುಂಚೆ ನೀವು ನನ್ನ ಪಾಸ್‌ಪೋರ್ಟಿನ ಜೆರಾಕ್ಸಿಗೆ ‘ಟ್ರೂ ಕಾಪಿ’ ಅಂತ ಬರೆದು, ಹಸಿರು ಶಾಯಿಯಲ್ಲಿ ಸಹಿ ಮಾಡಿ, ಗುಂಡು ಮೊಹರು ಒತ್ತಿ ಹತ್ತು ಪ್ರತಿ ಕೊಟ್ಟಿದ್ದಿರಲ್ಲ, ಅದರಲ್ಲೊಂದನ್ನು ಜಂಬದಿಂದ ಕೌಂಟರಿನಲ್ಲಿಟ್ಟೆ. ಗೆಜೆಟೆಡ್ ಆಫೀಸರ ಸಹಿ ಲೋಕದಲ್ಲೆಲ್ಲ ನಡೆಯುತ್ತದೆ ಅಂತ ನಂಬಿಕೊಂಡೇ ಬೆಳೆದವಳು ನಾನು. ಅಲ್ಲಿದ್ದ ಹೆಂಗಸು ತಿರುಗಿಸಿ ಮುರುಗಿಸಿ ನೋಡಿ, ಈ ಮುನಿರಾಜು ಯಾರು ಅಂದಳು. ನಮ್ಮಪ್ಪ, ಸರ್ಕಾರಿ ದನದ ಡಾಕ್ಟರು ಅಂದೆ. ‘ನಿನ್ನ ಪಾಸ್‌ಪೋರ್ಟಿಗೆ ದನದ ಡಾಕ್ಟರು ಯಾಕೆ ಸಹಿ ಹಾಕಿದರು?’ ಅಂತ ಕೇಳಿದಳು. ಗೇಲಿ ಮಾಡಲಿಲ್ಲ ಪಾಪ, ತಿಳಿದುಕೊಳ್ಳಲಿಕ್ಕೇ ಕೇಳಿದ್ದು. ಪಾಸ್‌ಪೋರ್ಟು ಕೊಟ್ಟ ಕಚೇರಿಯವರೇ ಸಹಿ ಮಾಡಿದ ಪ್ರತಿ ಬೇಕು, ಇಲ್ಲದಿದ್ದರೆ ಅಸಲನ್ನೇ ಕಳಿಸಬೇಕು ಅಂದಳು. ಅಸಲನ್ನೇ ಅಂಚೆಗೆ ಹಾಕಿದೆ. ಆಮೇಲೆ ಫೋನಿನಲ್ಲಿ ಇದನ್ನೆಲ್ಲ ನಿಮಗೆ ಹೇಳಿ ನಗಾಡಿದೆ. ಹೇಳಬಾರದಿತ್ತು, ನಿಮಗೆ ನಾಟಿಬಿಟ್ಟಿದೆ.

ಏಪ್ರಿಲ್ ಕೊನೆಗೆ ಶಿವಪ್ರಕಾಶ್ ಅವರ ಕಂಪನಿ ಬಾಗಿಲು ಹಾಕಿತು. ನಮ್ಮಿಬ್ಬರ ವೀಸಾನೂ ಅವರ ಕೆಲಸಕ್ಕೆ ಗಂಟುಬಿದ್ದಿರುವುದು. ಅಷ್ಟರಲ್ಲಿ ಮೇ ಹದಿನೈದಕ್ಕೆ ದೇವರಾಜು ಫೋನ್ ಮಾಡಿ, ‘ಅವ್ವ ಆಸ್ಪತ್ರೇಲವ್ಳೆ ಕಣಕ್ಕ, ಬಿಂದು ಯಾವಾಗ ಬತ್ತಾಳೆ ಅಂತ ಒಂದೇ ಸಮ ಕೇಳ್ತಾವ್ಳೆ’ ಅಂದ. ಪಾಸ್‌ಪೋರ್ಟು ತೆರಿಗೆಯವರ ಹತ್ತಿರ ಇದೆ ಕಣೋ ಅಂದೆ. ಆರು ದಿನಕ್ಕೆ ಅವ್ವ ಹೋದಳು.

ಇವರಿಗೆ ಇನ್ನೂ ಕೆಲಸವಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ನಾಲ್ಕು ಮನೆ ಖಾಲಿಯಾಗಿವೆ. ಬಹುಶಃ ಮುಂದಿನ ತಿಂಗಳು ನಾವೂ ಗಂಟುಮೂಟೆ ಕಟ್ಟುತ್ತೇವೆ. ಬಂದರೂ ಯಾವ ಮುಖ ಹೊತ್ತು ಬರಲಿ ಅನ್ನಿಸುತ್ತದೆ.

ನಿಮ್ಮ ಸಹಿಯದು ಏನೂ ತಪ್ಪಿಲ್ಲ ಅಪ್ಪ. ಇದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ. ಬಿ.ಪಿ. ಮಾತ್ರೆ ಬಿಡಬೇಡಿ. ಬೆಳಿಗ್ಗೆ ವಾಕಿಂಗ್ ನಿಲ್ಲಿಸಿದ್ದೀರಂತೆ, ಹಾಗೆ ಮಾಡಬೇಡಿ. ನಾನು ಕೇಳದಿದ್ದರೂ ನೀವು ಹರಸುತ್ತೀರಿ ಅಂತ ಗೊತ್ತು.

ನಿಮ್ಮ ಮಗಳು,
ಬಿಂದುಶ್ರೀ

ಮತ್ತೆ: ಕವರು ಅಂಟಿಸಿದ್ದೆ, ಹರಿದು ತೆಗೆದೆ. ಪಾಸ್‌ಪೋರ್ಟೂ ನಂಬರೂ ಮೇ ಹನ್ನೊಂದಕ್ಕೇ ಬಂದಿದ್ದವು. ದೇವರಾಜು ಫೋನ್ ಮಾಡಿದಾಗ ಪಾಸ್‌ಪೋರ್ಟು ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಈಗ ಹೋದರೆ ತಿರುಗಿ ಬರಲು ವೀಸಾ ಸಿಗುವುದಿಲ್ಲ ಅಂದರು ಇವರು, ಹೋಗಬೇಡ ಅನ್ನಲಿಲ್ಲ. ಅವ್ವ ಹೇಗೂ ಹುಷಾರಾಗುತ್ತಾಳೆ ಅಂದುಕೊಂಡು ನಾನೇ ಸುಳ್ಳು ಹೇಳಿದೆ. ನೀವು ಆ ಸುಳ್ಳನ್ನು ನಂಬಿ, ತಪ್ಪನ್ನು ನಿಮ್ಮ ತಲೆಗೆ ಕಟ್ಟಿಕೊಂಡು ಅವಳ ಮುಂದೆ ನಿಂತಿರಿ. ಅವ್ವ ಮಾತು ಬಿಡಬೇಕಾಗಿದ್ದದ್ದು ನನ್ನ ಜೊತೆ, ಅಪ್ಪ.