ನಡೆದು ಹೋಗುವಷ್ಟು ದೂರ

ಮನೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಆಪರೇಷನ್ ಆದ ಮಂಡಿ ಹೇಗಿದೆ? ತಮ್ಮನ ಮನೆಯಲ್ಲಿ ಕೋಲಿಲ್ಲದೆ ಮೆಟ್ಟಿಲಿಳಿಯಲು ಹೋಗಿ ಅವನ ಹೆಂಡತಿಯಿಂದ ಬೈಸಿಕೊಂಡಿರಂತೆ. ಅವಳು ಬೈದದ್ದು ಕಡಿಮೆಯೇ ಆಯಿತು. ಹೊಲಿಗೆ ಒಣಗಿದೆಯೇ, ನಿದ್ದೆ ಬರುತ್ತಿದೆಯೇ, ತಿಳಿಸಿ. ಫೋನಿನಲ್ಲಿ ಎರಡು ಮಾತಿಗೇ "ಸರಿ ಇಡಮ್ಮಾ" ಎಂದುಬಿಡುತ್ತೀರಿ, ಅದಕ್ಕೇ ಈ ಕಾಗದ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದವರು ನೀವೇ ಆದ್ದರಿಂದ ಒತ್ತಕ್ಷರದ ತಪ್ಪುಗಳಲ್ಲಿ ಅರ್ಧ ನಿಮ್ಮ ಪಾಲಿಗೆ.

ನಮ್ಮ ವಿಮಾ ಕಂಪನಿ ಪೇಟೆಯ ಕಚೇರಿ ಮುಚ್ಚಿ ಮುಂದಿನ ತಿಂಗಳು ಊರಾಚೆಗೆ ಹೋಗುವುದು ಖಚಿತವಾಯಿತು. ಮನೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ. ನಮ್ಮ ಬಾಡಿಗೆ ಕರಾರೂ ಈ ವಾರವೇ ಮುಗಿಯುತ್ತದೆ. ಇರುತ್ತೇವೋ ಬಿಡುತ್ತೇವೋ ಎಂದು ಮಾಲೀಕರಿಗೆ ಇವತ್ತು ಹೇಳಬೇಕು. ಹೊಸ ಕಚೇರಿಯ ಪಕ್ಕ ಲಿಫ್ಟ್ ಇರುವ ಮನೆಯೊಂದನ್ನು ನೋಡಿಟ್ಟಿದ್ದೇನೆ. ನೀವು ವಾಪಸು ಬಂದ ಮೇಲೆ ನಿಮ್ಮ ಮಂಡಿಗೆ ಅದೇ ಒಳ್ಳೆಯದು ಎಂದುಕೊಳ್ಳುತ್ತೇನೆ. ಆಮೇಲೆ, ಇದು ಅಪ್ಪನ ಮಂಡಿಯ ಮಾತೋ ನನ್ನ ಸೋಮಾರಿತನದ ಮಾತೋ ಎಂಬ ಅನುಮಾನ. ಇಲ್ಲಿಂದ ಎಬ್ಬಿಸಿದರೆ ನಿಮ್ಮ ಬೆಳಗುಗಳ ಗತಿಯೇನು? ಮೂಲೆಯ ಟೀ ಅಂಗಡಿಯ ಬೆಂಚು, ನಿಮ್ಮ ಮೂವರು ನಿವೃತ್ತ ಗೆಳೆಯರು, ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಾ ಆಡುವ ಜಗಳ. ನನ್ನ ಕಚೇರಿ ಜಾಗ ಬದಲಿಸಿದರೆ ನೀವು ಯಾಕೆ ಅದನ್ನೆಲ್ಲ ಬಿಡಬೇಕು?

"ಪೇಟೆ ಬಿಟ್ಟು ಹೋಗೋಕೆ ಇವ್ರಿಗೇನು ದೆವ್ವ ಹಿಡಿದಿದ್ಯಾ?" ಎಂದು ನಮ್ಮ ಕಂಪನಿಯ ಮೇಲೆ ತಮ್ಮನ ಹತ್ತಿರ ರೇಗಿದಿರಂತೆ. ಕಚೇರಿ ಯಾಕೆ ಹೋಗಬೇಕು ಎಂದು ಮೇಲಿನವರಿಗೆ ಕಾರಣಗಳನ್ನು ಬರೆದುಕೊಡುವ ಕೆಲಸ ಬಂದದ್ದು ನನಗೇ ಅಪ್ಪಾ. ಬರೆಯಲು ಕೂತಾಗ ಕಣ್ಣ ಮುಂದೆ ಬಂದದ್ದು ನಿಮ್ಮ ಬ್ಯಾಂಕಿನ ಕ್ಯಾನ್ವಾಸ್ ಚೀಲ. ಶಾಲೆಗೆ ರಜೆ ಇದ್ದಾಗ ನನ್ನನ್ನೂ ಕರೆದೊಯ್ಯುತ್ತಿದ್ದಿರಿ. ಚೀಲದ ತುಂಬ ಬೇರೆ ಬ್ಯಾಂಕುಗಳ ಚೆಕ್ಕುಗಳು. ಹನ್ನೆರಡು ಗಂಟೆಗೆ ಸರಿಯಾಗಿ ಎಲ್ಲ ಬ್ಯಾಂಕುಗಳ ಗುಮಾಸ್ತರೂ ಒಂದೇ ಉದ್ದ ಮೇಜಿನ ಸುತ್ತ ಕೂತು ಕಟ್ಟುಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದಿರಿ. ಒಬ್ಬರು ತಡವಾದರೆ ಊರಿನ ಲೆಕ್ಕವೇ ನಿಲ್ಲುತ್ತಿತ್ತು. "ಏನ್ರೀ, ಮದುವೆ ಗಂಡಿನ ಥರ ಬರ್ತೀರಲ್ಲ!" ಎಂದು ತಡವಾಗಿ ಬಂದವರನ್ನು ಎಲ್ಲರೂ ಸೇರಿ ಕಿಚಾಯಿಸುತ್ತಿದ್ದದ್ದು ಇನ್ನೂ ಕಿವಿಯಲ್ಲಿದೆ. ಆ ಮೇಜಿಗೆ ನಡೆದು ಹೋಗುವಷ್ಟು ದೂರದಲ್ಲೇ ಬ್ಯಾಂಕುಗಳೆಲ್ಲ ಇರಬೇಕಿತ್ತು. ಪೇಟೆಯನ್ನು ನಿಮ್ಮ ಹೆಜ್ಜೆಯ ಅಳತೆಗೆ ಕಟ್ಟಿದ್ದರು.

ಈಗ ಕಾಗದ ಯಾರ ಚೀಲದಲ್ಲೂ ನಡೆದು ಹೋಗುವುದಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಪೇಟೆಯ ಬಾಡಿಗೆ ವಿಪರೀತ. ಎಲ್ಲ ಒಂದೇ ಕಡೆ ಇದ್ದು ಬೆಂಕಿಯೋ ನೀರೋ ನುಗ್ಗಿದರೆ ಎಲ್ಲ ಕೆಲಸವೂ ಒಟ್ಟಿಗೆ ನಿಲ್ಲುತ್ತದೆ. ಕೆಲಸ ಮಾಡುವವರೂ ಊರಾಚೆಯಿಂದಲೇ ಬರುತ್ತಾರೆ. ಅದನ್ನು ತೋರಿಸಲು ನಕ್ಷೆಯ ಮೇಲೆ ಒಬ್ಬೊಬ್ಬರ ಮನೆಗೂ ಒಂದು ಗುಂಡುಸೂಜಿ ಚುಚ್ಚಿದೆ. ಎಲ್ಲವೂ ಹೊರಗೆ. ಕಚೇರಿಯ ಪಕ್ಕದಲ್ಲಿ ಒಂದೇ ಒಂದು, ನಮ್ಮ ಮನೆಯದು. ಮೇಲಿನವರಿಗೆ ತೋರಿಸುವ ಮುಂಚೆ ಅದನ್ನು ಕಿತ್ತುಬಿಟ್ಟೆ. ಚಿತ್ರ ಸ್ಪಷ್ಟವಾಗಿರಲಿ ಎಂದು. ಯಾರೂ ಕೇಳಲಿಲ್ಲ. ನಾನು ಬರೆದ ಕಾರಣಗಳೆಲ್ಲ ನಿಜವೇ. ಆದರೂ ಅವತ್ತಿನಿಂದ ನಿಮ್ಮ ಜೊತೆ ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಿಲ್ಲ.

ಮಾತ್ರೆ ತಪ್ಪಿಸಬೇಡಿ. ತಮ್ಮನಿಗೆ, ಅವನ ಹೆಂಡತಿಗೆ ನನ್ನ ಪ್ರೀತಿ. ಬೈದಾದ ಮೇಲೆ ಒಂದಿಷ್ಟು ಹರಸಿ.

ನಿಮ್ಮ ಮಗಳು,
ಪ್ರಶ್ನೆಪತ್ರಿಕೆ (ಹೆಸರಿಟ್ಟವರು ನೀವೇ)

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಾಲೀಕರು ಬಂದರು. "ಏನಮ್ಮಾ, ಖಾಲಿ ಮಾಡ್ತೀರಾ? ಇನ್ನೊಬ್ರು ಕೇಳ್ತಿದ್ದಾರೆ." ಹೌದು ಎನ್ನಲೆಂದೇ ಬಾಯಿ ತೆರೆದೆ. "ಇಲ್ಲ, ನಮ್ಮಪ್ಪ ಬರ್ತಾರೆ" ಎಂದುಬಿಟ್ಟೆ. ಇನ್ನೆರಡು ವರ್ಷಕ್ಕೆ ಸಹಿ ಹಾಕಿಯಾಯಿತು. ಬೆಳಿಗ್ಗೆ ಏಳರ ಬಸ್ಸು ಹಿಡಿದರೆ ನಾನು ತಿರುಗಿ ಬರುವುದು ಕತ್ತಲಾದ ಮೇಲೆ, ಆದ್ದರಿಂದ ರಾತ್ರಿಯ ಅಡುಗೆ ಇನ್ನು ನಿಮ್ಮದು. ಗೊಣಗುವಂತಿಲ್ಲ.