ಅಪ್ಪನ ಕಾರಿನ ಹೀಟರು

ಸೋಮವಾರ, ಮಧ್ಯಾಹ್ನ
ಗ್ಯಾರೇಜಿನಿಂದ

ಅಮ್ಮಾ,

ಮಗುವನ್ನು ತಂಗಿಯ ಕೈಗೆ ಕೊಟ್ಟು, ಒಂದು ಕಡೆ ಕೂತು ಇದನ್ನು ಓದು. ಯಾರಿಗೂ ಏನೂ ಆಗಿಲ್ಲ ಎಂದು ಶುರು ಮಾಡಬೇಕೆಂದಿದ್ದೆ, ಆದರೆ ಅದು ಸುಳ್ಳಾಗುತ್ತದೆ. ಅಪ್ಪ ಮನೆಯಲ್ಲೇ ಇದ್ದಾರೆ, ಊಟ ಮಾಡಿದ್ದಾರೆ, ಜೀವಕ್ಕೇನೂ ಅಪಾಯವಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಕಿರಿಮಗಳು ಯಾರ ಫೋನ್ ಬಂದರೂ ಸ್ಪೀಕರ್ ಹಾಕಿ ಮನೆಗೆಲ್ಲ ಕೇಳಿಸುತ್ತಾಳೆ, ಬಾಣಂತಿಯ ಕಿವಿಗೆ ಈ ಸುದ್ದಿ ಬೇಡ. ಕೆಲಸದ ನಡುವೆ ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದ್ದರೆ ಬೈಯಬೇಡ.

ನೀನು ತಂಗಿಯ ಮನೆಗೆ ಹೋದಮೇಲೆ ಅಪ್ಪ ನನ್ನ ಮಕ್ಕಳನ್ನು ಈಜಿನ ತರಗತಿಗೆ ಕರೆದೊಯ್ಯುವುದನ್ನೇ ನಿಲ್ಲಿಸಿದ್ದರು. ಕೇಳಿದರೆ, ಕಾರಿನ ಹೀಟರಿನಲ್ಲಿ ತಣ್ಣನೆ ಗಾಳಿ ಬರುತ್ತದೆ, ಒದ್ದೆ ತಲೆಯ ಮಕ್ಕಳಿಗೆ ನೆಗಡಿಯಾಗುತ್ತದೆ ಎಂಬ ಉತ್ತರ. ಮಗಳದ್ದೇ ಗ್ಯಾರೇಜು ಇರುವಾಗ ಇದೆಂಥ ನೆಪ ಎಂದು ನಾನು ರೇಗಿಸಿದ ಮೇಲೆ, ಶುಕ್ರವಾರ ಗಾಡಿ ತಂದು ನಿಲ್ಲಿಸಿದರು. ಬೂಟು ಬಿಚ್ಚಿಟ್ಟು, ಬೆಂಚಿನ ಮೇಲೆ ಕಾಲು ಚಾಚಿ ಕೂತು, ಬಸ್ಸು ಓಡಿಸುತ್ತಿದ್ದ ಕಾಲದ ಕಥೆಗಳನ್ನು ನನ್ನ ಕೆಲಸದವರಿಗೆಲ್ಲ ಹೇಳಿದರು.

ಹೀಟರು ನಿಜವಾಗಿಯೂ ಕೆಟ್ಟಿತ್ತು. ಇಂಜಿನ್ನಿನ ಬಿಸಿನೀರು ಎರಡು ಪೈಪುಗಳಲ್ಲಿ ಹೀಟರಿನೊಳಗೆ ಸುತ್ತಿ ಬಂದರೆ ತಾನೇ ಗಾಳಿ ಬಿಸಿಯಾಗುವುದು? ಆ ನೀರು, ಅಂದರೆ ಕೂಲೆಂಟ್, ಬೇಕಾದಷ್ಟಿತ್ತು. ಊರೆಲ್ಲ ಒಂದು ಸುತ್ತು ಹಾಕಿ ಬಂದರೂ ಬಿಸಿ ತೋರಿಸುವ ಮುಳ್ಳು ಮಾತ್ರ ಮೇಲೇಳಲಿಲ್ಲ. ನೀರು ಕಾಯುವತನಕ ತಡೆಹಿಡಿಯುವ ಥರ್ಮೋಸ್ಟಾಟ್ ಬಾಯಿ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ, ನೀರು ಕಾಯುವ ಮೊದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಿದೆ ಎಂದು ಆಗಲೇ ಗೊತ್ತಾಯಿತು. ಹೊಸದನ್ನು ಹಾಕಿ, ಪೈಪಿನೊಳಗೆ ಸೇರಿದ್ದ ಗಾಳಿಯನ್ನು ಹೊರಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಒಳಗೆ ಕೂರಲಾಗದಷ್ಟು ಸೆಕೆಯಾಯಿತು.

ಶನಿವಾರ ಅಪ್ಪ ಮತ್ತೆ ಹಾಜರು. "ಕಾಲಿನ ಹತ್ರ ಇನ್ನೂ ತಣ್ಣಗೇ ಬರ್ತಿದೆ ಕಣೇ" ಎಂದರು. ನನಗೆ ಮೂಗಿನ ತುದಿಯಲ್ಲೇ ಕೋಪ, ನಿನಗೆ ಗೊತ್ತಲ್ಲ. ಪೆಡಲುಗಳ ಹತ್ತಿರದ ಕಿಂಡಿಗೆ ಕೈಯೊಡ್ಡಿದರೆ ಬಿಸಿ ಗಾಳಿ ರಾಚುತ್ತಿತ್ತು. ಅವರೂ ಕೈಯೊಡ್ಡಿ, ಇಲ್ಲವೆಂದು ತಲೆಯಾಡಿಸಿದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಬಾನೆಟ್ ಎತ್ತಿದೆ. ಹೀಟರಿಗೆ ಹೋಗುವ ಪೈಪೂ ಅಲ್ಲಿಂದ ಬರುವ ಪೈಪೂ ಎರಡೂ ಬಿಸಿಯಿದ್ದರೆ ಒಳಗೆಲ್ಲ ಸರಿಯಿದೆ ಎಂದರ್ಥ. ನಾನು ಬೆರಳು ತಾಗಿಸಿ ಸರಕ್ಕನೆ ಹಿಂದೆಗೆದುಕೊಂಡೆ. ತಡೆಯುವಷ್ಟರಲ್ಲಿ ಅಪ್ಪ ಪೈಪಿನ ಲೋಹದ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಎಲ್ಲಿದೆ ಬಿಸಿ ಎಂದು ನನ್ನ ಮುಖ ನೋಡುತ್ತಾ ನಿಂತುಬಿಟ್ಟರು.

ಅಮ್ಮಾ, ಆ ಕೈಯನ್ನು ನಾನೇ ಎಳೆದು ಬಿಡಿಸಬೇಕಾಯಿತು. ಅಂಗೈ ಸುಟ್ಟು ಕೆಂಪಾಗಿತ್ತು. ಅವರ ಬಾಯಿಂದ ಒಂದು ನರಳಾಟವೂ ಬರಲಿಲ್ಲ. ನಲ್ಲಿಯ ಕೆಳಗೆ ಆ ಕೈ ಹಿಡಿದು ನಿಂತಾಗ, ಕಾಲಿನದ್ದೂ ಇದೇ ಕಥೆಯೋ ಏನೋ ಎಂದು ಹೊಳೆದು, ಬೂಟು ಬಿಚ್ಚಿಸಿದೆ. ಬಲಗಾಲಿನ ಬೂಟಿನೊಳಗೆ ಒಂದು ಸ್ಕ್ರೂ ಇತ್ತು. ನನ್ನ ಬೆಂಚಿನಿಂದಲೇ ಹಿಂದಿನ ದಿನ ಅದರೊಳಗೆ ಬಿದ್ದಿರಬೇಕು. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಆ ಕಾಲಿನಲ್ಲೇ ಮನೆಗೆ ಗಾಡಿ ಓಡಿಸಿಕೊಂಡು ಹೋಗಿ, ಆ ಕಾಲಿನಲ್ಲೇ ವಾಪಸ್ ಬಂದಿದ್ದರು. ಇದು ಯಾವಾಗ ಚುಚ್ಚಿತು ಎಂದು ನನ್ನನ್ನೇ ಕೇಳಿದರು.

ಸೀದಾ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ರಕ್ತ ಪರೀಕ್ಷಿಸಿದ ಕೂಡಲೇ ಹೇಳಿದರು: ಸಕ್ಕರೆ ಕಾಯಿಲೆ, ತುಂಬ ದಿನದ್ದು. ಕೈಕಾಲಿನ ನರಗಳಿಗೆ ಸ್ಪರ್ಶವೇ ತಿಳಿಯುತ್ತಿಲ್ಲ. ಗಾಯ ಮಾಯುತ್ತದೆ, ಸಕ್ಕರೆಯನ್ನು ಹತೋಟಿಗೆ ತರಬಹುದು, ಆದರೆ ಇನ್ನು ಸ್ಟೀರಿಂಗ್ ಮುಟ್ಟುವಂತಿಲ್ಲ. ಅಪ್ಪ ಅಲ್ಲೇ ವಾದಕ್ಕೆ ನಿಂತರು. ಜೀವಮಾನವಿಡೀ ಬಸ್ಸು ಓಡಿಸಿ ಒಂದು ನಾಯಿಮರಿಗೂ ತಾಗಿಸದವನಿಗೆ ಈ ಮಾತೇ ಎಂದು ಅವರು ಕೇಳಿದಾಗ ನನಗೆ ಅಳು ಬಂತು. ಕಾರಿನ ಕೀ ಕಿತ್ತುಕೊಂಡೆ. ಅಮ್ಮ ಬಂದಮೇಲೆ ವಾಪಸ್ ಕೊಡಬೇಕು ಎಂಬ ಷರತ್ತಿನ ಮೇಲೆ ಬಿಟ್ಟುಕೊಟ್ಟರು.

ಆದ್ದರಿಂದ ನೀನು ಬಂದು ಅವರಿಗೆ ಬುದ್ಧಿ ಹೇಳಲೇಬೇಕು. ನೀನು ಹಾಕಿದ ಗೆರೆ ದಾಟುವವರಲ್ಲ ಅವರು. ನನ್ನ ಮಾತು ಅವರಿಗೆ ಕಾಲ ಕಸ. ಇದನ್ನೆಲ್ಲ ಓದಿ ನಿನ್ನ ಎದೆ ಒಡೆದಂತಾಗುತ್ತದೆ ಎಂದು ಬಲ್ಲೆ. ನಿನ್ನ ತಪ್ಪೇನೂ ಇಲ್ಲ, ಒಳಗೊಳಗೇ ಕೊರಗಬೇಡ. ಅವರಾಗಿ ಬಾಯಿಬಿಡದಿದ್ದರೆ ನಿನಗಾದರೂ ಹೇಗೆ ಗೊತ್ತಾಗಬೇಕು?

ಮಗುವಿಗೆ ದೊಡ್ಡಮ್ಮನ ಮುತ್ತು.

ನಿನ್ನ
ಸ್ಪ್ಯಾನರ್ ರಾಣಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಪ್ಪನ ಕೈಯ ಬ್ಯಾಂಡೇಜು ಬದಲಿಸಲು ಮನೆಗೆ ಹೋಗಿದ್ದೆ. ಅಮ್ಮ ಬಂದ ತಕ್ಷಣ ನಿಮ್ಮ ನರ ಚಿಗುರಿಬಿಡುತ್ತದೆಯೇ ಎಂದು ಸುಮ್ಮನೆ ಕೆಣಕಿದೆ. "ಅವಳು ಪಕ್ಕದಲ್ಲಿ ಕೂತ್ರೆ ಏನೂ ತೊಂದರೆ ಇಲ್ಲ ಕಣೇ" ಎಂದರು, ಹವಾಮಾನದ ಮಾತಾಡಿದಷ್ಟು ಸಲೀಸಾಗಿ. "ಕಾಲು ಬ್ರೇಕ್ ಮೇಲಿದ್ಯಾ, ಆಕ್ಸಿಲರೇಟರ್ ಮೇಲಿದ್ಯಾ ಅಂತ ಬಗ್ಗಿ ನೋಡಿ ಹೇಳ್ತಾಳೆ. ಹೋದ ವರ್ಷದಿಂದ ಹಾಗೇ ತಾನೇ ಓಡಿಸ್ತಿರೋದು? ಒಬ್ಬನೇ ಇದ್ರೆ ನಾನೇ ಬಗ್ಗಿ ನೋಡ್ಕೋತೀನಿ. ಅವಳಿಲ್ದೆ ಮಕ್ಕಳನ್ನ ಕೂರಿಸ್ಕೊಳ್ಳೋ ಧೈರ್ಯ ಮಾತ್ರ ಬರಲಿಲ್ಲ."

ಹಿಂದಿನ ಸೀಟಿನಲ್ಲಿ ನನ್ನ ಮಕ್ಕಳಿರುತ್ತಿದ್ದರು, ಅಮ್ಮಾ. ಪ್ರತಿ ವಾರ ನಾನೇ ಬೆಲ್ಟ್ ಹಾಕಿ, ಬಾಗಿಲು ಮುಚ್ಚಿ, ನಿನಗೆ ಕೈಬೀಸಿ ಕಳಿಸುತ್ತಿದ್ದೆ. ನೀನೂ ನಗುತ್ತಾ ಕೈಬೀಸುತ್ತಿದ್ದೆ. ಮೇಲೆ ಬರೆದ ಸಮಾಧಾನದ ಮಾತನ್ನು ಹೊಡೆದುಹಾಕಿಲ್ಲ, ಅದನ್ನು ಬರೆಯುವಾಗ ನನಗಿದು ಗೊತ್ತಿರಲಿಲ್ಲ ಅಷ್ಟೆ. ಗಾಡಿಯನ್ನು ನಾಳೆಯೇ ಮಾರುತ್ತೇನೆ. ಅಪ್ಪನಿಗೆ ನೀನೇ ಹೇಳು.